ಎರೆ ಮಣ್ಣಿನ ಮೇಲಿನ ಮನೆಗೆ ನೀರು ನುಗ್ಗಿದಾಗ: ನೆಲದ ದುರಸ್ತಿ ಹೇಗೆ?

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಗೆ ನೆರೆ ಹೊಸತಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ಗೋಡೆಯ ಬಿರುಕನ್ನು ಎಲ್ಲರೂ ನೋಡುತ್ತಾರೆ. ನೆಲದ ಅಡಿಯಲ್ಲಿ ಏನಾಗಿದೆ ಎಂದು ನೋಡುವವರು ಕಡಿಮೆ.

ಕರಾವಳಿಯಿಂದ ಅಲ್ಲಿಗೆ ಸೇವೆಗೆ ಹೋಗುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ನಮ್ಮಲ್ಲಿ ಮುರಕಲ್ಲಿನ ಕೆಂಪು ಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ಮಾನ್ವಿ, ದೇವದುರ್ಗದ ಎರೆ ಮಣ್ಣು ಹಾಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಪರ್ಸಿ ಕಲ್ಲು ಒಮ್ಮೆ ಮೇಲೇಳುತ್ತದೆ, ಇನ್ನೊಮ್ಮೆ ಕುಸಿಯುತ್ತದೆ. ನೀರು ಇಳಿದ ವಾರದಲ್ಲೇ ಗಡಿಬಿಡಿಯಿಂದ ಹೊಸ ನೆಲ ಹಾಕಿಸಿದರೆ ಮುಂದಿನ ಬೇಸಿಗೆಗೆ ಅದೂ ಬಿರಿಯುತ್ತದೆ. ಬಡ ಕುಟುಂಬಕ್ಕೆ ಎರಡನೇ ಬಾರಿ ಸಾಲ.

ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು. ಎರಡನೆಯದು ಫೋಟೋ. ಪರಿಹಾರ ಕೇಳುವವರು ಕಂದಾಯ ಇಲಾಖೆಯವರು ಬಂದು ನೋಡುವ ಮೊದಲು ನೆಲ ಕೀಳಬಾರದು.

ಪರ್ಸಿ ನೆಲವಾದರೆ ನಷ್ಟ ಕಡಿಮೆ. ಶಹಾಬಾದ್ ಕಲ್ಲು ನೀರಿಗೆ ಕೆಡುವುದಿಲ್ಲ. ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ ಎಬ್ಬಿಸಿ ಗೋಡೆಗೆ ಒರಗಿಸಿಡಬೇಕು. ಎಬ್ಬಿಸುವಾಗ ಬರಿಗೈ ಬೇಡ, ಅಡಿಯಲ್ಲಿ ಚೇಳು ಇರಬಹುದು. ಕಲೆ ಹೋಗಲೆಂದು ಆ್ಯಸಿಡ್ ಸುರಿಯುವ ಅಭ್ಯಾಸವಿದೆ. ಇದು ಸುಣ್ಣದ ಕಲ್ಲು, ಆ್ಯಸಿಡ್ ಅದನ್ನು ತಿನ್ನುತ್ತದೆ. ಚರಂಡಿ ನೀರು ಸೇರಿದ್ದರೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದರೆ ಸಾಕು. ಅದರೊಂದಿಗೆ ಆ್ಯಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ.

ಇನ್ನು ಮಣ್ಣು. ರಾಯಚೂರಿನ ಬಿಸಿಲಿಗೆ ಮೇಲ್ಪದರ ಬೇಗ ಒಣಗಿ ಮೋಸ ಮಾಡುತ್ತದೆ, ಒಂದಡಿ ಅಗೆದರೆ ಒಳಗೆ ಹಸಿ. ಕೈಲಾದವರು ಒಂದೆರಡು ಅಡಿ ಎರೆ ತೆಗೆದು ಗರಸು ತುಂಬಿಸುವುದು ಒಳ್ಳೆಯದು. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಚೆನ್ನಾಗಿ ಬಡಿಯಬೇಕು. ಅದರ ಮೇಲೆ ಮರಳು, ಮತ್ತೆ ಅದೇ ಕಲ್ಲು.

ನಗರದ ಟೈಲ್ಸ್ ಮನೆಗಳಲ್ಲಿ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಟೈಲ್ಸ್ ಮಾತ್ರ ಕೀಳಿಸಿ. ಅಡಿಯ ಕಾಂಕ್ರೀಟಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ನೀರ ಹನಿ ಕಂಡರೆ ಮೇಸ್ತ್ರಿಯನ್ನು ಇನ್ನೂ ಕರೆಯಬೇಡಿ. ಬಿಳಿ ಉಪ್ಪು ಹೊಮ್ಮಿದ್ದರೆ ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ, ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗಿಳಿಯುತ್ತದೆ.

ಹೊಸ ನೆಲ ಮುಗಿದ ಮೇಲೆ ಹೊರಗೂ ಒಂದು ಕೆಲಸವಿದೆ. ಮಾಳಿಗೆಯ ನೀರು ಗೋಡೆಯ ಬುಡದಲ್ಲೇ ಬಿದ್ದು ನಿಂತರೆ ಎರೆ ಮತ್ತೆ ಉಬ್ಬುತ್ತದೆ. ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಪರ್ಸಿ ಹಾಸಿಸಿ. ಒಡೆದ ಕಲ್ಲುಗಳು ಅದಕ್ಕೆ ಆಗುತ್ತವೆ.