ಅಹ್ಮದ್ ಖಾನ್

ಅಹ್ಮದ್ ಖಾನ್ : 1926-2017. ಬೆಂಗಳೂರಿನ ಫುಟ್‌ಬಾಲ್ ಆಟಗಾರ. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ ಫುಟ್‌ಬಾಲ್ ತಂಡಗಳಲ್ಲಿ, ಅಂದರೆ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಕ್ರೀಡಾಕೂಟಗಳಲ್ಲಿ, ಮುಂಚೂಣಿಯಲ್ಲಿ ಆಡಿದವರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಚೆಂಡನ್ನು ಬರಿಗಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ಸುಳಿದುಹೋಗುತ್ತಿದ್ದ ಕೌಶಲದಿಂದ ‘ಹಾವಾಡಿಗ’ ಎಂಬ ಅಡ್ಡಹೆಸರು ಪಡೆದರು.

ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ, ಫುಟ್‌ಬಾಲ್ ಆಡುವ ಮನೆತನದಲ್ಲಿ. ಆಗಿನ ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ಪಡೆಗಳ ತಂಡಗಳೊಂದಿಗೆ ಸೆಣಸುತ್ತಲೇ ಊರಿನ ಕ್ಲಬ್ಬುಗಳು ಬೆಳೆದಿದ್ದವು. ಅವುಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು ಹೆಸರಾಗಿತ್ತು. ಖಾನ್ ಅವರು ಬೆಂಗಳೂರು ಕ್ರೆಸೆಂಟ್ ತಂಡದಲ್ಲಿ ಆಟ ಕಲಿತು, ಮುಂದೆ ಬೆಂಗಳೂರು ಮುಸ್ಲಿಮ್ಸ್ ಪರ ಆಡಿದರು.

ಆ ಕಾಲದ ತಂಡದಲ್ಲಿ ಐವರು ಮುಂಚೂಣಿ ಆಟಗಾರರಿರುತ್ತಿದ್ದರು. ಖಾನ್ ಅವರದು ಇನ್‌ಸೈಡ್ ಲೆಫ್ಟ್ ಸ್ಥಾನ. ನಡುವಿನ ಗೋಲುಗಾರನಿಗೂ ಎಡ ಅಂಚಿನ ಓಟಗಾರನಿಗೂ ನಡುವೆ ನಿಂತು, ಚೆಂಡನ್ನು ಹಿಡಿತಕ್ಕೆ ತೆಗೆದುಕೊಂಡು ಎದುರಾಳಿಯನ್ನು ದಾಟಿಸಿ ಜೊತೆಗಾರರಿಗೆ ಒದಗಿಸುವ ಕೆಲಸ. ಅವಕಾಶ ಸಿಕ್ಕಾಗ ತಾವೇ ಗೋಲು ಹೊಡೆಯುತ್ತಿದ್ದರು.

ಯುರೋಪಿನ ನೆಲದಲ್ಲಿ : 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ತಂಡವನ್ನು ಎದುರಿಸಿತು. ಭಾರತೀಯರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಮೈಸೂರು ತಂಡದ ಎಸ್. ರಾಮನ್ 70ನೆಯ ನಿಮಿಷದಲ್ಲಿ ಗೋಲು ಹೊಡೆದು ಸಮಬಲ ತಂದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1-2ರಿಂದ ಸೋತಿತು. ಆ ಬಳಿಕ ಯುರೋಪಿನಲ್ಲೇ ಪ್ರವಾಸ ಮುಂದುವರಿಸಿದ ತಂಡ ನೆದರ್ಲೆಂಡ್ಸ್‌ನ ಪ್ರಸಿದ್ಧ ಅಯಾಕ್ಸ್ ಕ್ಲಬ್ಬನ್ನು 5-1ರಿಂದ ಸೋಲಿಸಿತು.

ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1952ರ ಜುಲೈ 15ರಂದು, ಬರಿಗಾಲಿಗೆ ಒಗ್ಗದ ಚಳಿಯ ನೆಲದಲ್ಲಿ, ಭಾರತ ಬಲಿಷ್ಠ ಯುಗೊಸ್ಲಾವಿಯದ ಎದುರು 1-10ರಿಂದ ಸೋತಿತು. ಭಾರತದ ಆ ಒಂದೇ ಗೋಲನ್ನು ಪಂದ್ಯದ ಕೊನೆಯಲ್ಲಿ ಹೊಡೆದವರು ಖಾನ್. ಯುಗೊಸ್ಲಾವಿಯ ಆ ಕೂಟದಲ್ಲಿ ಬೆಳ್ಳಿ ಪದಕ ಗಳಿಸಿತು. ಈ ಸೋಲಿನ ತರುವಾಯ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಆಟದ ಯುಗ ಮುಗಿಯಿತು.

ಕೋಲ್ಕತ್ತದಲ್ಲಿ : 1949ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ ಸುಮಾರು ಹತ್ತು ವರ್ಷ ಅಲ್ಲಿ ಆಡಿದರು. ಪಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಕೂಡಿದ ಮುಂಚೂಣಿಯನ್ನು ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣ ಭಾರತದವರು. ಸೇರಿದ ವರ್ಷವೇ ಕ್ಲಬ್ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1950 ಮತ್ತು 1951ರಲ್ಲೂ ಈಸ್ಟ್ ಬೆಂಗಾಲಿನ ಬಳಿಯೇ ಉಳಿಯಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಒಲಿಯಿತು.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ಇರಾನನ್ನು 1-0ರಿಂದ ಮಣಿಸಿತು. ಖಾನ್ ಅವರ ಆಟದ ಬದುಕಿನ ದೊಡ್ಡ ಗೆಲುವು ಅದು.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ ಮೊದಲ ಎರಡು ಗೋಲುಗಳೂ ಮೈಸೂರು ಸೀಮೆಯ ಆಟಗಾರರವು. ಮೊದಲನೆಯದು ರಾಮನ್ ಅವರದು, ಎರಡನೆಯದು ಅಹ್ಮದ್ ಖಾನ್ ಅವರದು.