ಎಂಟುನೂರ ಎಪ್ಪತ್ತು ಕುರಿ ಮತ್ತು ಒಂದು ಪುಟ್ಟ ಮಾತ್ರೆ

ಥೈರಾಯ್ಡ್ ಮಾತ್ರೆಯ ಡಬ್ಬಿ ಈಗ ನಮ್ಮ ಹಳ್ಳಿಮನೆಗಳಲ್ಲೂ ಕಾಣುತ್ತದೆ. ಟೀವಿ ಪಕ್ಕ, ದೇವರ ಗೂಡಿನ ಹತ್ತಿರ, ಅಡುಗೆಮನೆಯ ಕಿಟಕಿಯಲ್ಲಿ. ಅದನ್ನು ನುಂಗುವವರು, ಹೆಚ್ಚಾಗಿ ಹೆಂಗಸರು, ಸಿಕ್ಕಾಗ ಎರಡು ಮಾತು ಕೇಳುತ್ತಾರೆ. ಇದನ್ನು ಎಷ್ಟು ದಿನ ಅಂತ ನುಂಗೋದು? ಡಾಕ್ಟರು ಒಂದು ಸಲ ಐವತ್ತು ಅಂತಾರೆ, ಇನ್ನೊಂದು ಸಲ ಎಪ್ಪತ್ತೈದು ಅಂತಾರೆ, ಅವರಿಗೇ ಸರಿಯಾಗಿ ಗೊತ್ತಿಲ್ಲವಾ? ನಾವು ಸುದ್ದಿ ಬರೆಯುವವರು, ಡಾಕ್ಟರಲ್ಲ. ಆದರೆ ಈ ಎರಡು ಪ್ರಶ್ನೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ನೂರು ವರ್ಷಕ್ಕೂ ಹಳೆಯ ಕತೆಯೊಂದು ಸಿಗುತ್ತದೆ.

ಕತ್ತಿನ ಮುಂದೆ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯೇ ಥೈರಾಯ್ಡ್. ದೇಹವನ್ನು ಒಲೆ ಅಂದುಕೊಂಡರೆ ಉರಿ ಹೆಚ್ಚು ಕಡಿಮೆ ಮಾಡುವುದು ಅದರ ರಸದ ಕೆಲಸ. ರಸ ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಮುಖ ಊದುವುದು, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು. ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು 1873ರಲ್ಲಿ ಇಂಥ ಲಕ್ಷಣಗಳಿದ್ದ ಹೆಂಗಸರ ಬಗ್ಗೆ ಬರೆದರು. ಐದು ವರ್ಷದ ಮೇಲೆ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡಿಮಾ ಎಂದು ಹೆಸರಿಟ್ಟರು. ಹೆಸರು ಬಂತು, ಔಷಧ ಬರಲಿಲ್ಲ. ಹೆಂಗಸರು ದಿನದಿಂದ ದಿನಕ್ಕೆ ಮಂಕಾಗುತ್ತಾ ಹೋಗುವುದನ್ನು ಮನೆಯವರು ನೋಡಿಕೊಂಡು ಕೂರಬೇಕಿತ್ತು.

ತಪ್ಪು ಎಲ್ಲಿದೆ ಎಂದು ತೋರಿಸಿದ್ದು ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಖರ್. ಗಳಗಂಡದ ಆಪರೇಷನ್ನಿನಲ್ಲಿ ಅವರದು ಎತ್ತಿದ ಕೈ. ಕೆಲವರಿಗೆ ಇಡೀ ಗ್ರಂಥಿಯನ್ನೇ ತೆಗೆದಿದ್ದರು. ಆಮೇಲೆ ಅವರನ್ನು ಕರೆಸಿ ನೋಡಿದರೆ ಹೆಚ್ಚಿನವರು ಊದಿಕೊಂಡು, ಮಾತು ನಿಧಾನವಾಗಿ, ಗುರುತೇ ಸಿಗದಂತಾಗಿದ್ದರು. 1883ರಲ್ಲಿ ಕೋಖರ್ ಇದನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ನಮಗಂತೂ ಅವರ ಚಾಕುವಿನ ಚಳಕಕ್ಕಿಂತ ಆ ಒಪ್ಪಿಗೆಯೇ ದೊಡ್ಡದು ಅನಿಸುತ್ತದೆ. ಗ್ರಂಥಿ ತೆಗೆದವರ ಸ್ಥಿತಿಯೂ ಮಿಕ್ಸಿಡಿಮಾ ಬಂದವರ ಸ್ಥಿತಿಯೂ ಒಂದೇ ಎಂದು ಲಂಡನ್ನಿನ ವೈದ್ಯರ ಸಮಿತಿ 1888ರಲ್ಲಿ ವರದಿ ಕೊಟ್ಟಿತು. ಅಂದರೆ ದೇಹದಲ್ಲಿ ಏನೋ ಸೇರಿಕೊಂಡು ಬಂದ ಕಾಯಿಲೆ ಇದಲ್ಲ, ಇರಬೇಕಾದದ್ದು ಇಲ್ಲದೆ ಬಂದದ್ದು.

ಇಲ್ಲದ್ದನ್ನು ಹೊರಗಿನಿಂದ ಕೊಟ್ಟರೆ? ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಇಪ್ಪತ್ತೈದರ ಹರೆಯದ ವೈದ್ಯರಿಗೆ ಈ ಯೋಚನೆ ಬಂತು. ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಗೇಲಿ ಮಾಡಿದರಂತೆ. ಮರ್ರೆ ಬಿಡಲಿಲ್ಲ. ಆಗ ತಾನೇ ಕಡಿದ ಕುರಿಯ ಥೈರಾಯ್ಡ್ ತರಿಸಿ, ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಕುದಿನೀರಿನಲ್ಲಿ ಅದ್ದಿದ ಕರವಸ್ತ್ರದಲ್ಲಿ ಹಿಂಡಿ ರಸ ತೆಗೆದರು. 1891ರಲ್ಲಿ 46 ವರ್ಷದ ಹೆಂಗಸೊಬ್ಬರಿಗೆ ಅದನ್ನು ಚುಚ್ಚಿದರು. ಕೆಲವೇ ತಿಂಗಳಲ್ಲಿ ಆಕೆಯ ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ನಿಂತಿದ್ದ ಮುಟ್ಟು ಮತ್ತೆ ಶುರುವಾಯಿತು.

ಮರುವರ್ಷವೇ ಹೆಕ್ಟರ್ ಮೆಕೆಂಜಿ, ಎಡ್ವರ್ಡ್ ಫಾಕ್ಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ, ಸೂಜಿ ಬೇಡ, ಬಾಯಲ್ಲಿ ತಿಂದರೂ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಫಾಕ್ಸ್ ಅವರಂತೂ ಕುರಿಯ ಗ್ರಂಥಿಯನ್ನು ಸ್ವಲ್ಪ ಹುರಿದು ಹಣ್ಣಿನ ಜೆಲ್ಲಿ ಜೊತೆ ತಿನ್ನಿಸಿದರು! ಮರ್ರೆ ಅವರ ಆ ಮೊದಲ ರೋಗಿ ಅಲ್ಲಿಂದ 28 ವರ್ಷ ಬದುಕಿ 1919ರಲ್ಲಿ 74ನೇ ವಯಸ್ಸಿಗೆ ತೀರಿಕೊಂಡರು. ಅಷ್ಟು ವರ್ಷಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಎಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾರೆ.

‘ಎಷ್ಟು ದಿನ’ ಎಂಬ ಪ್ರಶ್ನೆಗೆ ಮೊದಲ ಉತ್ತರ ಆ ಹೆಂಗಸಿನ ಬದುಕೇ. ಔಷಧ ಕೆಟ್ಟ ಗ್ರಂಥಿಯನ್ನು ರಿಪೇರಿ ಮಾಡುವುದಿಲ್ಲ, ಅದು ಮಾಡಬೇಕಿದ್ದ ರಸವನ್ನು ದಿನದಿನ ತುಂಬಿಕೊಡುತ್ತದೆ, ಅಷ್ಟೇ. ನಮ್ಮ ಕಡೆ ಬಹಳ ಜನ ‘ಈಗ ಆರಾಮ ಇದೀನಿ’ ಎಂದು ಮಾತ್ರೆ ಬಿಡುತ್ತಾರೆ. ಮಾತ್ರೆಯಿಂದಲೇ ಆರಾಮ ಇದ್ದದ್ದು. ಬಿಟ್ಟ ಕೂಡಲೇ ಏನೂ ಆಗುವುದಿಲ್ಲ, ಏಕೆಂದರೆ ಈ ಹಾರ್ಮೋನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ತೊಂದರೆ ನಿಧಾನವಾಗಿ ಮರಳಿ ಬರುತ್ತದೆ, ಬಂದಾಗ ಅದಕ್ಕೆ ಬೇರೇನೋ ಕಾರಣ ಹುಡುಕುತ್ತೇವೆ. (ಹೆರಿಗೆಯ ನಂತರ ಬಂದದ್ದು, ಅಥವಾ ಟೆಸ್ಟಿನಲ್ಲಿ ಸ್ವಲ್ಪವೇ ಏರುಪೇರು ಕಂಡದ್ದು ಕೆಲವರಿಗೆ ತಾನಾಗಿ ಸರಿಹೋಗುವುದುಂಟು. ಅದನ್ನು ಡಾಕ್ಟರೇ ಹೇಳಬೇಕು.)

ಎರಡನೇ ಪ್ರಶ್ನೆ, ಎಷ್ಟು ಕೊಡಬೇಕು ಎಂಬುದು. ಇದಕ್ಕೆ ಉತ್ತರ ಸಿಗಲು ಇನ್ನೂ ಎಂಬತ್ತು ವರ್ಷ ಹಿಡಿಯಿತು.

ಒಣಗಿಸಿ ಪುಡಿ ಮಾಡಿದ ಕುರಿ, ಹಂದಿ, ದನದ ಗ್ರಂಥಿಯೇ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಆದರೆ ಒಂದು ಡಬ್ಬಿಯ ಬಲ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಪುಡಿಯಲ್ಲಿ ಅಯೋಡಿನ್ ಎಷ್ಟಿದೆ ಎಂದು ಅಳೆಯುತ್ತಿದ್ದರು. ಅಯೋಡಿನ್ ಇದ್ದಷ್ಟೂ ಹಾರ್ಮೋನು ಇರುತ್ತದೆ ಎಂದೇನೂ ಇಲ್ಲವಲ್ಲ. ಜಾಸ್ತಿಯಾದರೆ ಎದೆ ಡವಗುಟ್ಟುವುದು, ಕೈ ನಡುಗುವುದು. ತೂಕ ಇಳಿಯುತ್ತದೆ ಎಂದು ಕಾಯಿಲೆ ಇಲ್ಲದವರಿಗೂ ಆಗಲೇ ಮಾರಿದರು. ಈ ಚಾಳಿ ಇನ್ನೂ ಹೋಗಿಲ್ಲ. ತೂಕ ಇಳಿಸಲು ಯಾರಾದರೂ ಥೈರಾಯ್ಡ್ ಮಾತ್ರೆ ಕೊಟ್ಟರೆ ಮುಟ್ಟಬೇಡಿ, ಹೃದಯಕ್ಕೆ ಅಪಾಯ.

ಅಮೆರಿಕದ ಎಡ್ವರ್ಡ್ ಕೆಂಡಲ್ 1914ರ ಡಿಸೆಂಬರ್ 25ರಂದು ಗ್ರಂಥಿಯಿಂದ ಶುದ್ಧ ಹಾರ್ಮೋನಿನ ಹರಳು ತೆಗೆದರು. ಅದೇ ಥೈರಾಕ್ಸಿನ್, ಈಗ ಟಿ4 ಎಂದು ರಿಪೋರ್ಟಿನಲ್ಲಿ ಬರುವುದು. ಸುಮಾರು ಮೂರು ಟನ್ ಹಂದಿ ಗ್ರಂಥಿಯಿಂದ ಅವರಿಗೆ ಸಿಕ್ಕಿದ್ದು 33 ಗ್ರಾಂ. ಇಷ್ಟೇನಾ ಅನ್ನಬೇಡಿ. ಇಂದಿನ 100 ಮೈಕ್ರೋಗ್ರಾಂ ಮಾತ್ರೆಯ ಲೆಕ್ಕದಲ್ಲಿ ಅದು ಮೂರು ಲಕ್ಷ ಮೂವತ್ತು ಸಾವಿರ ಮಾತ್ರೆ, ಒಬ್ಬರಿಗೆ ಒಂಬೈನೂರು ವರ್ಷಕ್ಕೆ ಸಾಕು! ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲೇ ಮೈಕ್ರೋಗ್ರಾಂ. ಐವತ್ತಕ್ಕೂ ಎಪ್ಪತ್ತೈದಕ್ಕೂ ಏನು ಮಹಾ ವ್ಯತ್ಯಾಸ ಎನ್ನುವವರು ಇದನ್ನು ನೆನಪಿಡಬೇಕು. ಅಷ್ಟು ಸೂಕ್ಷ್ಮದ ವಸ್ತು ಇದು. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಪ್ರಯೋಗಾಲಯದಲ್ಲೇ ಅದನ್ನು ತಯಾರಿಸಿದರು. 1950ರ ದಶಕದಲ್ಲಿ ಲೆವೊಥೈರಾಕ್ಸಿನ್ ಮಾತ್ರೆ ಬಂತು. ಕುರಿ ಹಂದಿಯ ಹಂಗು ತಪ್ಪಿತು.

ಆದರೂ ಅಳತೆ ಅಂದಾಜಿನದೇ. ರೋಗಿಯನ್ನು ಬರಿಹೊಟ್ಟೆಯಲ್ಲಿ ಮಲಗಿಸಿ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆಯುತ್ತಿದ್ದರು, ನಾಡಿ ನೋಡುತ್ತಿದ್ದರು, ‘ಹೇಗನಿಸುತ್ತದೆ’ ಎಂದು ಕೇಳುತ್ತಿದ್ದರು. ಇದು ಬದಲಾದದ್ದು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ 1970ರ ದಶಕದಲ್ಲಿ ಬಳಕೆಗೆ ಬಂದಾಗ. ಟಿಎಸ್‌ಎಚ್ ಥೈರಾಯ್ಡ್ ರಸವಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಹುಕುಂ ಅದು. ಕೂಲಿ ಕೆಲಸ ಮಾಡದಿದ್ದಷ್ಟೂ ಮೇಸ್ತ್ರಿಯ ಕೂಗು ಜೋರಾಗುವಂತೆ, ರಸ ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ನಂಬರು ಏರಿದೆ ಎಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಎಂದುಕೊಂಡು ಮಾತ್ರೆ ಕಡಿಮೆ ಮಾಡಿಕೊಂಡವರು ನಮಗೆ ಸಿಕ್ಕಿದ್ದಾರೆ. ಅದು ತಿರುವುಮುರುವು. ಈ ಪರೀಕ್ಷೆ ಬಂದ ಮೇಲೆ ತಿಳಿದದ್ದು, ಅದುವರೆಗೆ ಎಷ್ಟೋ ಜನರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಡುತ್ತಿದ್ದರು ಎಂಬುದು. ಡೋಸ್‌ಗಳು ಆಮೇಲೆ ಇಳಿದವು.

ಡಾಕ್ಟರು ಐವತ್ತರಿಂದ ಎಪ್ಪತ್ತೈದಕ್ಕೆ ಹೋಗುವುದು ಗೊತ್ತಿಲ್ಲದೆ ಅಲ್ಲ, ಈ ಮೇಸ್ತ್ರಿಯ ಕೂಗು ಕೇಳಿಕೊಂಡು. ಡೋಸ್ ಬದಲಿಸಿದ ಆರರಿಂದ ಎಂಟು ವಾರ ಕಳೆದ ಮೇಲೇ ಮತ್ತೆ ಟೆಸ್ಟ್ ಮಾಡಿಸುವುದು. ಅದಕ್ಕೆ ಮುಂಚೆ ಮಾಡಿಸಿದರೆ ದುಡ್ಡು ದಂಡ. ಗರ್ಭಿಣಿಯಾದರೆ ಬೇಕಾದ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಮೆದುಳು ಬೆಳೆಯಲು ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನೇ ಆಧಾರ. ಆಗ ಮಾತ್ರೆ ಬಿಡುವುದಲ್ಲ, ಕೂಡಲೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಹಾರ್ಮೋನೂ ಇದೆ, ಟಿ3. 1952ರಲ್ಲಿ ಲಂಡನ್ನಿನಲ್ಲಿ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಕಂಡುಹಿಡಿದದ್ದು. ಟಿ4 ಕೊಟ್ಟರೆ ದೇಹವೇ ಅದನ್ನು ಟಿ3 ಮಾಡಿಕೊಳ್ಳುತ್ತದೆ ಎಂದು 1970ರಲ್ಲಿ ಗೊತ್ತಾದ ಮೇಲೆ ಟಿ4 ಒಂದೇ ಸಾಕು ಎಂಬುದು ರೂಢಿಯಾಯಿತು. ಆದರೆ ರಿಪೋರ್ಟ್ ಸರಿ ಇದ್ದರೂ ಸುಸ್ತು ಹೋಗದ ಕೆಲವರು ಇದ್ದೇ ಇದ್ದಾರೆ. ಎರಡನ್ನೂ ಸೇರಿಸಿ ಕೊಟ್ಟರೆ ಒಳ್ಳೆಯದು ಎಂದು 1999ರ ಒಂದು ಅಧ್ಯಯನ ಹೇಳಿತು, ನಂತರದ ಹೆಚ್ಚಿನ ಅಧ್ಯಯನಗಳಲ್ಲಿ ಅದು ಸಾಬೀತಾಗಲಿಲ್ಲ. ಆ ಚರ್ಚೆ ಇನ್ನೂ ನಡೆಯುತ್ತಿದೆ. ಅಂಥವರ ಮಾತನ್ನು ‘ಎಲ್ಲ ನಿನ್ನ ಮನಸ್ಸಿನದು’ ಎಂದು ತಳ್ಳಿಹಾಕುವುದು ನಮಗೆ ಸರಿ ಕಾಣುವುದಿಲ್ಲ. ರಕ್ತ ಕಡಿಮೆ ಇದೆಯಾ, ಬೇರೆ ಕಾಯಿಲೆ ಇದೆಯಾ ಎಂದಾದರೂ ನೋಡಬೇಕು.

ಅದಕ್ಕೂ ಮೊದಲು ನೋಡಬೇಕಾದದ್ದು ಮಾತ್ರೆ ಹೇಗೆ ನುಂಗುತ್ತಿದ್ದೇವೆ ಎಂದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಕಾಫಿ, ಟೀ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಇಲ್ಲವಾದರೆ ಔಷಧ ಮೈಗೆ ಹತ್ತುವುದಿಲ್ಲ. ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ತೆಗೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಹಳೆಯ ಟಿಎಸ್‌ಎಚ್ ಚೀಟಿಗಳನ್ನೂ ಒಟ್ಟಿಗೆ ಒಯ್ಯಿರಿ.