ರಸ್ಟಿನ್ ಅವರನ್ನು ಬಿಟ್ಟುಕೊಟ್ಟ ವರ್ಷ

1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆ ಎಂದರೆ ನಮಗೆಲ್ಲ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿನ ಭಾಷಣ. ಆ ದಿನ ಸೇರಿದ ಸುಮಾರು ಎರಡೂವರೆ ಲಕ್ಷ ಜನರ ಬಸ್ಸು, ನೀರು, ಶೌಚಾಲಯ, ಊಟದ ಪೊಟ್ಟಣಗಳ ಲೆಕ್ಕವನ್ನೆಲ್ಲ ಎರಡೇ ತಿಂಗಳೊಳಗೆ ಕೂಡಿಸಿದವರು ಬೇಯಾರ್ಡ್ ರಸ್ಟಿನ್. ಅವರ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಗಾಂಧಿಯ ಬಗ್ಗೆ ಓದುವಾಗ. ಗಾಂಧಿ ತೀರಿಕೊಂಡ ವರ್ಷವೇ, 1948ರ ಕೊನೆಯಲ್ಲಿ, ರಸ್ಟಿನ್ ಭಾರತಕ್ಕೆ ಬಂದಿದ್ದರು. 1956ರಲ್ಲಿ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಹೊತ್ತಿಗೆ ಅವರು ಅಲ್ಲಿಗೆ ಹೋದಾಗ ಕಿಂಗ್ ಅವರ ಮನೆಯಲ್ಲಿ ಬಂದೂಕುಗಳಿದ್ದವು. ಅಹಿಂಸೆ ಬರೀ ತಂತ್ರವಲ್ಲ, ಬದುಕುವ ರೀತಿ ಎಂದು ಯುವ ಪಾದ್ರಿಗೆ ಮನವರಿಕೆ ಮಾಡಿದವರಲ್ಲಿ ರಸ್ಟಿನ್ ಮುಖ್ಯರು.

ರಸ್ಟಿನ್ ಸಲಿಂಗಪ್ರೇಮಿ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಅದೇ ಕಾರಣಕ್ಕೆ ಬಂಧನವಾಗಿ ಜೈಲೂ ಕಂಡರು. ಅವರು ದುಡಿಯುತ್ತಿದ್ದ ಕ್ರೈಸ್ತ ಶಾಂತಿವಾದಿ ಸಂಸ್ಥೆಯೂ ಕೈಬಿಟ್ಟಿತು.

ಆದರೆ ದೊಡ್ಡ ಏಟು ಬಿದ್ದದ್ದು 1960ರಲ್ಲಿ, ಅದೂ ಒಳಗಿನವರಿಂದ. ಹಾರ್ಲೆಮ್‌ನ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಆಡಮ್ ಕ್ಲೇಟನ್ ಪೊವೆಲ್ ಸಂಸದರೂ ಆಗಿದ್ದರು. ಬಿಳಿಯರ ಎದುರು ತಲೆ ತಗ್ಗಿಸದ ನಾಯಕ. ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಮುಂದೆ ಕಿಂಗ್ ಮತ್ತು ಸಂಗಡಿಗರು ಪ್ರತಿಭಟನೆ ಯೋಜಿಸಿದ್ದರು. ಅದು ಪೊವೆಲ್‌ಗೆ ಬೇಕಿರಲಿಲ್ಲ. ಕೈಬಿಡದಿದ್ದರೆ ಕಿಂಗ್‌ಗೂ ರಸ್ಟಿನ್‌ಗೂ ಸಂಬಂಧವಿದೆ ಎಂದು ಸುದ್ದಿ ಹಬ್ಬಿಸುವುದಾಗಿ ಬೆದರಿಸಿದರು. ಶುದ್ಧ ಸುಳ್ಳು. ಆದರೆ ಈ ಆಯುಧಕ್ಕೆ ಸತ್ಯದ ಹಂಗಿಲ್ಲ, ಕೇಳುವವರ ಮನಸ್ಸಿನಲ್ಲಿ ಅಸಹ್ಯವಿದ್ದರೆ ಸಾಕು. ಆ ಅಸಹ್ಯವನ್ನು ಭಾನುವಾರದ ಪ್ರವಚನಗಳು ಬಹುಕಾಲದಿಂದ ಸಾಕಿದ್ದವು. ರಸ್ಟಿನ್ ರಾಜೀನಾಮೆ ಕೊಟ್ಟರು, ಕಿಂಗ್ ತಡೆಯಲಿಲ್ಲ. ಯುವಜನರ ಕಣ್ಣಲ್ಲಿ ಕಿಂಗ್ ಇದರಿಂದ ಸಣ್ಣವರಾದರೆಂದು ಮರುವರ್ಷ ಬರೆದವರು ಜೇಮ್ಸ್ ಬಾಲ್ಡ್‌ವಿನ್. ಹದಿಹರೆಯದಲ್ಲಿ ಅವರೂ ಹಾರ್ಲೆಮ್‌ನಲ್ಲಿ ಪ್ರವಚನ ಮಾಡಿ, ಆಮೇಲೆ ಚರ್ಚ್ ಬಿಟ್ಟವರು.

ಪಾದ್ರಿಗಳನ್ನು ಬೈದು ಮುಗಿಸುವುದು ಸುಲಭ. ಚಳವಳಿಗೆ ಸಭಾಂಗಣ, ಹಣ, ಹಾಡು, ನಾಯಕರು ಎಲ್ಲವೂ ಬಂದದ್ದು ಚರ್ಚಿನಿಂದಲೇ. ಕಪ್ಪು ಜನರ ಕಾಮವನ್ನೇ ಮೃಗೀಯ ಎಂದು ಬಿಳಿಯರು ಶತಮಾನಗಳಿಂದ ಹೇಳುತ್ತ ಬಂದಿದ್ದರು. 'ಮರ್ಯಾದಸ್ಥ ಕುಟುಂಬ' ಎಂಬ ಚಿತ್ರ ಅದಕ್ಕೆ ಉತ್ತರವಾಗಿತ್ತು. ಆ ಚಿತ್ರದೊಳಗೆ ರಸ್ಟಿನ್‌ಗೆ ಜಾಗವಿರಲಿಲ್ಲ. ಒಗ್ಗಟ್ಟು ಕಾಪಾಡಲೆಂದು ಅತ್ಯುತ್ತಮ ಸಂಘಟಕನನ್ನೇ ಹೊರಗಿಟ್ಟರು. ಇದನ್ನು ಒಗ್ಗಟ್ಟು ಎನ್ನಲು ನನಗೆ ಬಾಯಿ ಬರುವುದಿಲ್ಲ.

1963ರಲ್ಲೂ ರಾಯ್ ವಿಲ್ಕಿನ್ಸ್ ತಕರಾರು ತೆಗೆದರು. ಹಿರಿಯ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ತಾವೇ ಮುಖ್ಯಸ್ಥರಾಗಿ, ರಸ್ಟಿನ್ ಅವರನ್ನು ಉಪಮುಖ್ಯಸ್ಥರನ್ನಾಗಿ ಮಾಡಿಕೊಂಡು ಕೆಲಸವನ್ನೆಲ್ಲ ಅವರಿಗೇ ವಹಿಸಿದರು. ಆಗಸ್ಟ್‌ನಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಪ್ಯಾಸಡೀನಾದ ಹಳೇ ಪ್ರಕರಣವನ್ನು ಸೆನೆಟ್‌ನಲ್ಲೇ ಕೆದಕಿದಾಗ ಈ ಬಾರಿ ಯಾರೂ ಕದಲಲಿಲ್ಲ. ಮೆರವಣಿಗೆ ನಡೆಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎಂಬತ್ತರ ದಶಕದಲ್ಲಿ ಏಡ್ಸ್ ಬಂದಾಗ ಎಷ್ಟೋ ಚರ್ಚುಗಳು ಬಾಯಿ ಬಿಡಲಿಲ್ಲ. 2004ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಬಿಷಪ್ ಎಡ್ಡಿ ಲಾಂಗ್ ಸಲಿಂಗ ವಿವಾಹದ ವಿರುದ್ಧವೂ ದನಿಯೆತ್ತಿದ ಒಂದು ಮೆರವಣಿಗೆ ತೆಗೆದರು. ಅದಕ್ಕೆ ಕಿಂಗ್ ಸಮಾಧಿಯ ಬಳಿ ಪಂಜು ಹೊತ್ತಿಸಿದವರು ಕಿಂಗ್ ಅವರ ಮಗಳು, ಪಾದ್ರಿ ಬರ್ನೀಸ್. ಸಲಿಂಗಪ್ರೇಮಿಗಳ ಹಕ್ಕುಗಳ ಪರ ವರ್ಷಗಳಿಂದ ಬಹಿರಂಗವಾಗಿ ಮಾತಾಡುತ್ತಿದ್ದ ತಾಯಿ ಕೊರೆಟ್ಟಾ ಆಗ ಇನ್ನೂ ಬದುಕಿದ್ದರು.